ಮಲ್ಕಮ್ಮ ತೆಗೆದಿಟ್ಟ ಒಂದು ಬುಟ್ಟಿ ಮಣ್ಣು

ಕೋಳಿ ಕೂಗಿ ಇನ್ನೂ ಅರ್ಧ ತಾಸಾಗಿಲ್ಲ. ಶಾಲೆಯ ಹಿಂದಿನ ಗೋಡೆಗೆ ಒಂದು ನಿಚ್ಚಣಿಕೆ ಒರಗಿದೆ. ಮಣ್ಣು ಹೊದಿಸಿದ ಚಪ್ಪಟೆ ಮಾಳಿಗೆಯ ಮೇಲೆ ಕಚ್ಚೆ ಬಿಗಿದ ಹೆಂಗಸೊಬ್ಬಳು ಬರಿಗಾಲಲ್ಲಿ ಹಿಂದಕ್ಕೂ ಮುಂದಕ್ಕೂ ನಡೆಯುತ್ತಿದ್ದಾಳೆ. ಒಂದು ಪಾದಕ್ಕೆ ತಾಗಿ ಇನ್ನೊಂದು ಪಾದ, ನಡುವೆ ಬೆರಳು ತೂರುವಷ್ಟೂ ಸಂದಿ ಬಿಡುವುದಿಲ್ಲ. ಮೊಣಕಾಲವರೆಗೆ ಬಿಳಿ ಮಣ್ಣು ಮೆತ್ತಿದೆ. ಪತ್ರಿಕೆಗೆ ಬರೆಯಲು ಬಂದ ನಾನು ಮೂರನೆಯ ಮೆಟ್ಟಿಲು ಹತ್ತುವಷ್ಟರಲ್ಲಿ ಮೇಲಿನಿಂದ ಮಾತು ಬರುತ್ತದೆ.

“ಚಪ್ಪಲಿ ಕೆಳಗ ಬಿಟ್ಟು ಹತ್ರಿ. ಮಣ್ಣು ಇನ್ನಾ ಹಸಿ ಅದ.”

ಇಳಿದು ಚಪ್ಪಲಿ ಬಿಟ್ಟು ಹತ್ತುತ್ತೇನೆ. ಇದೇ ಊರಿನ ಗೌಡರ ಓಣಿಯನ್ನು ಹಾಯುವಾಗ ಈಕೆಯ ಗಂಡ ತನ್ನ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ನಡೆಯಬೇಕು. ಮಾಳಿಗೆಯ ಮೇಲೆ ಮಾತ್ರ ಕಾನೂನು ಈಕೆಯದು. ಮಣ್ಣು ಕೆಟ್ಟರೆ ಮಳೆಗಾಲದಲ್ಲಿ ಗೌಡರ ಹಾಸಿಗೆಯೇ ತೋಯುತ್ತದೆ, ಆದ್ದರಿಂದ ಈ ಒಂದು ಕಾನೂನನ್ನು ಊರೆಲ್ಲ ಪಾಲಿಸುತ್ತದೆ.

ಊರು ಆಳಂದ ತಾಲೂಕಿನದು, ನಿಂಬರ್ಗಾದಿಂದ ಎರಡು ಹರದಾರಿ. ಅದರ ಹೆಸರು ಬರೆಯುವುದಿಲ್ಲ. ಬೇಡ ಎಂದವಳು ಮಲ್ಕಮ್ಮನೇ. “ಊರ ಹೆಸರು ಬ್ಯಾಡ್ರಿ, ನಾಳಿ ನಾವು ಇಲ್ಲೇ ಬಾಳೇವು ಮಾಡಬೇಕು. ನಮ್ಮ ಮನಿ ಮಂದಿ ಹೆಸರು ಬರೀರಿ. ನಮ್ಮ ಹೆಸರು ಯಾರೂ ಎಲ್ಲೂ ಬರದಿಲ್ಲ,” ಎಂದಳು. ಆದಕಾರಣ ಈ ಬರಹದಲ್ಲಿ ಗೌಡರಿಗೆ ಹೆಸರಿಲ್ಲ, ಹೆಡ್ ಮಾಸ್ತರರಿಗೆ ಹೆಸರಿಲ್ಲ, ಶಾಲೆ ತಪಾಸಣೆಗೆ ಬರುವ ಸಾಹೇಬರಿಗೂ ಹೆಸರಿಲ್ಲ. ಹೆಸರಿರುವುದು ಹೊಲಗೇರಿಯ ಒಂದು ಮನೆತನಕ್ಕೆ: ಮಲ್ಕಮ್ಮ, ಗಂಡ ದತ್ತಪ್ಪ, ಹನ್ನೊಂದು ವರ್ಷದ ಮಗಳು ಶರಣಬಸಮ್ಮ, ಆರು ವರ್ಷದ ಮಗ ದಶರಥ. ಪಟ್ಟಣದ ದೊಡ್ಡ ಮನುಷ್ಯರು ಈಗ ಇವರ ಕೇರಿಗೆ ಒಂದು ಹೊಸ, ಮುದ್ದಾದ ಹೆಸರು ಇಟ್ಟಿದ್ದಾರೆ. ಹಳೆಯ ಹೆಸರಿನಿಂದ ಹೊಟ್ಟೆ ತುಂಬಲಿಲ್ಲ, ಹೊಸದರಿಂದಲೂ ತುಂಬಿಲ್ಲ ಎಂದು ಮಲ್ಕಮ್ಮ ನಗುತ್ತಾಳೆ.

ಶಾಲೆಯ ಮಾಳಿಗೆಗೆ ಐದು ಖಣ. ಎರಡು ತೊಲೆಗಳ ನಡುವಿನ ಜಾಗಕ್ಕೆ ಇಲ್ಲಿ ಖಣ ಎನ್ನುತ್ತಾರೆ. ಮೂರು ಖಣಕ್ಕೆ ಹೊಸ ಮಣ್ಣು ಬಿದ್ದಿದೆ. ಉಳಿದೆರಡು ಖಣಗಳ ಹಳೆಯ ಮಣ್ಣನ್ನು ಕೆರೆದು ತೆಗೆದು ಹಾಗೇ ಬಿಟ್ಟಿದ್ದಾಳೆ. ಅವು ಯಾವಾಗ ಎಂದು ಕೇಳುತ್ತೇನೆ. ಮಧ್ಯಾಹ್ನದ ಮೇಲೆ, ಕೆಳಗೆ ಪರೀಕ್ಷೆ ಮುಗಿದ ಮೇಲೆ, ಎನ್ನುತ್ತಾಳೆ. ಮಗಳಿಗೆ ಪರೀಕ್ಷೆ ಒಳಗೆ ನಡೆದರೆ ಮಾತ್ರ, ಎಂದೂ ಸೇರಿಸುತ್ತಾಳೆ.

ಇವಳು ಹಾಕುವುದು ಹಾಳಮಣ್ಣು. ಊರಾಚೆ ಹಾಳುಬಿದ್ದ ಹಳೆಯ ಗೋಡೆಗಳ ಬಿಳಿ ಮಣ್ಣು ಅದು, ನೀರು ಬಿದ್ದಷ್ಟೂ ಬಿಗಿಯಾಗುತ್ತದೆ. ಒಂದು ಖಣಕ್ಕೆ ನಲವತ್ತು ಬುಟ್ಟಿ ಬೇಕು. ಊರಲ್ಲಿ ಮೂವತ್ತೊಂದು ಮಾಳಿಗೆ ಮನೆಗಳಿವೆ, ಒಂದೊಂದಕ್ಕೆ ನಾಲ್ಕೈದು ಖಣ. ಲೆಕ್ಕ ಹಾಕಿದರೆ ಒಂದು ಬೇಸಿಗೆಗೆ ಐದು ಸಾವಿರ ಬುಟ್ಟಿಗೂ ಮಿಕ್ಕಿ ಈ ಒಂದು ತಲೆಯ ಮೇಲೆ ಹೋಗುತ್ತದೆ. ನಿಚ್ಚಣಿಕೆ ಯಾವಾಗಲೂ ಮನೆಯ ಹೊರಗಿನಿಂದಲೇ, ಒಳಗೆ ಕಾಲಿಡುವಂತಿಲ್ಲ. ಹದಿನಾರು ವರ್ಷದಿಂದ ಅವರ ತಲೆಯ ಮೇಲೆ ನಡೆದಾಡುತ್ತಿದ್ದರೂ ಯಾವ ಮನೆಯ ಒಲೆ ಯಾವ ಮೂಲೆಯಲ್ಲಿದೆ ಎಂಬುದನ್ನು ಬೆಳಕಿಂಡಿಯಿಂದ ಇಣುಕಿ ನೋಡಿಯೇ ಬಲ್ಲಳು. ಆಕೆಯದು ಮಾತ್ರ ತೊಗರಿಕಟ್ಟಿಗೆಯ ಗುಡಿಸಲು.

ಯುಗಾದಿಯ ಮರುದಿನದಿಂದ ರೋಹಿಣಿ ಮಳೆಯವರೆಗೆ ಈ ಮನೆಗೆ ಉಸಿರಾಡಲು ಪುರಸೊತ್ತಿಲ್ಲ. ದತ್ತಪ್ಪ ನಸುಕಿನಲ್ಲೇ ಗುದ್ದಲಿ ಹಿಡಿದು ಹಾಳುಗೋಡೆಗೆ ಹೋಗುತ್ತಾನೆ. ಶರಣಬಸಮ್ಮ ಶಾಲೆಗೆ ಹೊರಡುವ ಮುಂಚೆ ಸಣ್ಣ ಬುಟ್ಟಿಯಲ್ಲಿ ನಾಲ್ಕು ಸಲ ಮಣ್ಣು ಹೊತ್ತು ಹಾಕುತ್ತಾಳೆ. ದಶರಥನಿಗೆ ಅಂಗಳದಲ್ಲಿ ಒಣಹಾಕಿದ ಹುಣಸೆಹಣ್ಣು ಕಾಯುವ ಕೆಲಸ. ಅದರಲ್ಲಿ ಅರ್ಧ ಅವನ ಹೊಟ್ಟೆಗೇ ಹೋಗುತ್ತದೆ ಎಂದು ತಾಯಿಯ ದೂರು. ಸಂಜೆ ಗುಡಿಸಲಿಗೆ ಹುಲ್ಲು ಹೊದಿಸುವುದು, ತೊಗರಿಕಟ್ಟಿಗೆ ಹೊರೆ ಕಟ್ಟುವುದು, ಜೋಳದ ಸಂಡಿಗೆ ಎತ್ತಿಡುವುದು. ಇಷ್ಟರ ನಡುವೆ ಸರ್ಕಾರಿ ಕ್ಯಾಲೆಂಡರಿನ ಖುರ್ದಾದ್ ತಿಂಗಳು ಬಂತೆಂದರೆ ವಾರ್ಷಿಕ ಪರೀಕ್ಷೆ. ಈ ಫಸಲಿ ೧೩೫೦ರಲ್ಲೂ, ಅಂದರೆ ಇಸವಿ ೧೯೪೧ರಲ್ಲೂ, ಹಾಗೆಯೇ ಬಂದಿದೆ, ಚೈತ್ರ ಮುಗಿಯಲು ನಾಲ್ಕು ದಿನ ಇರುವಾಗ.

ಹುಡುಗಿ ಬರೆಯುವ ಪಾಟಿ ಸಂಕ್ರಾಂತಿಯಲ್ಲೇ ಒಡೆದಿದೆ. ಮಲ್ಕಮ್ಮ ಹೊಸ್ತಿಲ ಮುಂದೆ ಎರಡು ಹಿಡಿ ಬಿಳಿ ಮಣ್ಣು ಹರವಿ ಕೊಡುತ್ತಾಳೆ, ಹುಡುಗಿ ಬೆರಳಿನಿಂದ ಬರೆಯುತ್ತಾಳೆ. ತಾಯಿಗೆ ಓದಲು ಬರುವುದಿಲ್ಲ. ಆದರೆ ಶಾಲೆಯ ಮಾಳಿಗೆಯ ಬೆಳಕಿಂಡಿಯಿಂದ ಮಗ್ಗಿ ಕೇಳಿ ಕೇಳಿ ಹದಿನಾರರವರೆಗೆ ಬಾಯಿಪಾಠ ಆಗಿದೆ. ಮಗಳು ತಪ್ಪಿದರೆ ಒಲೆಯ ಮುಂದಿನಿಂದಲೇ ತಿದ್ದುತ್ತಾಳಂತೆ.

ಇಂಥ ಹುಡುಗಿ ಮೂರನೆಯ ಇಯತ್ತೆಯಲ್ಲಿ ಎರಡನೆಯ ವರ್ಷ ಕುಳಿತಿದ್ದಾಳೆ. ಕುಳಿತಿದ್ದಾಳೆ ಎಂದರೆ ಶಾಲೆಯ ಒಳಗೆ ಅಲ್ಲ, ಅಂಗಳದ ಬೇವಿನ ಮರದ ಬುಡದಲ್ಲಿ. ಕೇರಿಯ ಮಕ್ಕಳಿಗೆ ಅಲ್ಲಿಯೇ ಜಾಗ. ಹೋದ ವರ್ಷ ಸಾಹೇಬರು ಪರೀಕ್ಷೆಗೆ ಬಂದರು, ಹೆಸರು ಕೂಗಿದರು. ಹುಡುಗಿ ಮರದ ಕೆಳಗೆ ಎದ್ದು ನಿಂತು “ಹಾಜರ್” ಎಂದಳು. ಹೊಸ್ತಿಲ ಒಳಗಿದ್ದವರೇ ಹಾಜರ್, ಇದು ಸರ್ಕಾರಿ ಕಾಯ್ದೆ, ಎಂದರು ಸಾಹೇಬರು. ಯಾರೂ ಆಕೆಯನ್ನು ಒಳಗೆ ಕರೆಯಲಿಲ್ಲ. ರಿಜಿಸ್ಟರಿನಲ್ಲಿ ಆಕೆಯ ಹೆಸರಿನ ಮುಂದೆ ಗೈರ್‌ಹಾಜರ್ ಎಂದು ಬಿತ್ತು. ಮಾಳಿಗೆಯ ಮೇಲಿದ್ದ ಮಲ್ಕಮ್ಮ ಬೆಳಕಿಂಡಿಯಿಂದ ಇದನ್ನೆಲ್ಲ ಕಂಡಳು, ಮಣ್ಣು ತುಳಿದಳು, ಇಳಿದು ಮನೆಗೆ ಹೋದಳು.

“ಅವತ್ತು ಸುಮ್ಮನಿದ್ದೆ,” ಎನ್ನುತ್ತಾಳೆ. “ಆ ಸಿಟ್ಟು ಇನ್ನಾ ಆರಿಲ್ರಿ. ಅವರ ಮ್ಯಾಲಿಂದಲ್ಲ, ನನ್ನ ಮ್ಯಾಲಿಂದು.”

ಈ ವರ್ಷವೂ ಹಾಗಾದರೆ ಶಾಲೆ ಸಾಕು, ಮುಂದಿನ ಬೇಸಿಗೆಗೆ ಮದುವೆ ಎಂದು ದತ್ತಪ್ಪ ಹೇಳಿಯಾಗಿದೆ. ಕೆಟ್ಟ ಮನುಷ್ಯನಲ್ಲ, ದಣಿದ ಮನುಷ್ಯ. ಮರದ ಕೆಳಗೆ ಕುಂತು ಮೂರನೆಯ ಸಲ ಅದೇ ಪುಸ್ತಕ ಓದುವುದಕ್ಕಿಂತ ಗಂಡನ ಮನೆಯ ರೊಟ್ಟಿ ತಟ್ಟಲಿ ಎಂಬುದು ಅವನ ಲೆಕ್ಕ.

ಎಂಟು ದಿನದ ಹಿಂದೆ ಶಾಲೆಯ ಮಾಳಿಗೆ ಮಾಡಲು ಗೌಡರ ಕರೆ ಬಂತು. ಗೌಡರಿಗೆ ಅವಸರವಿತ್ತು. ಮಾಳಿಗೆ ಸೋರುತ್ತದೆ, ದುರಸ್ತಿ ಆಗದಿದ್ದರೆ ಶಾಲೆಯನ್ನು ಬೇರೆ ಊರಿಗೆ ಎತ್ತುತ್ತೇವೆ ಎಂದು ಸಾಹೇಬರು ಹೋದ ಸಲವೇ ಬರೆದಿಟ್ಟು ಹೋಗಿದ್ದರು. ಗೌಡರ ಮೂವರು ಮೊಮ್ಮಕ್ಕಳು ಇದೇ ಶಾಲೆಯಲ್ಲಿ ಓದುತ್ತಾರೆ. ಮಲ್ಕಮ್ಮ ನಿಚ್ಚಣಿಕೆ ಹಾಕಿ ಹತ್ತಿದಳು, ಒಂದು ದಿನವೆಲ್ಲ ಕೂತು ಐದೂ ಖಣದ ಹಳೆಯ ಮಣ್ಣು ಕೆರೆದು ಕೆಳಗೆ ಚೆಲ್ಲಿದಳು. ಆಮೇಲೆ ನಿಚ್ಚಣಿಕೆಯನ್ನು ಮೇಲಕ್ಕೆ ಎಳೆದುಕೊಂಡು, ಬೆಳಕಿಂಡಿಯ ಪಕ್ಕದಲ್ಲಿ ಕುಳಿತು ಹೆಡ್ ಮಾಸ್ತರರನ್ನು ಕರೆದಳು.

ಮಾಸ್ತರರು ಕೆಳಗೆ ನಿಂತು ಕತ್ತೆತ್ತಿ ಮಾತಾಡಿದರು. ಅವರ ನಂತರ ಗೌಡರೂ ಬಂದು ಕತ್ತೆತ್ತಿ ಮಾತಾಡಿದರು. ಕೇರಿಯವರ ಜೊತೆ ಮಾತಾಡಲು ಆ ಊರಲ್ಲಿ ಯಾರಾದರೂ ಕತ್ತು ಮೇಲೆತ್ತಿದ್ದು ಅದೇ ಮೊದಲು. ಗೌಡರು ಎಂದಿನಂತೆ “ಏ ಮಲ್ಕಿ” ಎಂದೇ ಶುರುಮಾಡಿದರಂತೆ. ಆಕೆ ಕೊಟ್ಟ ಉತ್ತರವನ್ನು ಮಾಸ್ತರರು ನನಗೆ ಮಾತಿಗೆ ಮಾತು ಒಪ್ಪಿಸಿದರು, ಪರೀಕ್ಷೆಯ ಹುಡುಗನ ಹಾಗೆ.

“ನನ್ನ ಕಾಲು ನಿಮ್ಮ ತಲಿ ಮ್ಯಾಲ ನಡದ್ರ ಮೈಲಿಗಿಲ್ಲ. ನನ್ನ ಮಗಳು ನಿಮ್ಮ ಮಕ್ಕಳ ಬಾಜೂಕ ಕುಂತ್ರ ಮೈಲಿಗಿ. ಇದು ಹ್ಯಾಂಗಂತ ನನಗ ತಿಳಸ್ರಿ ಗೌಡ್ರೆ. ತಿಳದ ದಿನ ಮಣ್ಣು ಹಾಕ್ತೇನಿ.”

ಗೌಡರು ತಿಳಿಸಲಿಲ್ಲ, ಗದರಿಸಿದರು. ರಾಶಿಯ ಕಾಲಕ್ಕೆ ಕಾಳು ಕೇಳಲು ಬಾಗಿಲಿಗೆ ಬರಬೇಡ ಎಂದರು. ಬರುವುದಿಲ್ಲ ಎಂದಳು. ಬೇರೆ ಆಳು ಹಚ್ಚುತ್ತೇನೆ ಎಂದರು. ಹಚ್ಚಿರಿ ಎಂದಳು. ಕೇರಿಯ ಹನ್ನೆರಡು ಮನೆಯವರಿಗೂ ಅವತ್ತು ಒಮ್ಮೆಲೇ ಸೊಂಟನೋವು ಬಂತು. ಪಕ್ಕದ ಊರಿಗೆ ಆಳು ಕರೆಯಲು ಹೋದರು. ಅಲ್ಲಿ ಮಾಳಿಗೆ ಕೆಲಸ ಮಾಡುವವಳು ಮಲ್ಕಮ್ಮನ ಸ್ವಂತ ಅಕ್ಕ ಸಾಬವ್ವ. ಹೋದವರಿಗೆ ಮಜ್ಜಿಗೆ ಕೊಡಲೂ ತನ್ನ ಕೈಯಿಂದ ಆಗುವುದಿಲ್ಲವಲ್ಲ, ಮೈಲಿಗೆ ಆದೀತು, ಎಂದು ಕಳಿಸಿಬಿಟ್ಟಳಂತೆ.

ನಾಲ್ಕನೆಯ ದಿನ ಪಡುವಣದಲ್ಲಿ ಮೋಡ ಕಟ್ಟಿತು. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎನ್ನುವುದು ಹೊಲದ ಮಾತು. ಮಣ್ಣಿಲ್ಲದ ಮಾಳಿಗೆಯವರಿಗೆ ಭರಣಿಗಿಂತ ಮುಂಚಿನ ನಾಲ್ಕು ಹನಿಯೂ ಭಯವೇ. ಗುಡುಗು ಕೇಳಿಸಿದ ಒಂದು ತಾಸಿಗೆ ಗೌಡರ ಆಳು ಬಂದು ಒಪ್ಪಿಗೆ ಹೇಳಿದ. ಹುಡುಗಿ ಪರೀಕ್ಷೆಗೆ ಒಳಗೆ ಬರಲಿ. ಮಲ್ಕಮ್ಮ ಮೂರು ಖಣಕ್ಕೆ ಈಗ, ಎರಡು ಖಣಕ್ಕೆ ಪರೀಕ್ಷೆ ಆದ ಮೇಲೆ ಎಂದು ಕರಾರು ಹಾಕಿದಳು. ಮಳೆ ಬರಲಿಲ್ಲ. ಒಪ್ಪಿಗೆ ಮಾತ್ರ ಉಳಿಯಿತು.

ಹತ್ತು ಗಂಟೆಗೆ ಸಾಹೇಬರ ಟಾಂಗಾ ಬರುತ್ತದೆ. ಮಲ್ಕಮ್ಮ ಮಾಳಿಗೆಯ ಮೇಲೆ, ನಾನು ಕಿಟಕಿಯ ಹೊರಗೆ. ಹೆಸರು ಕೂಗುವುದಕ್ಕೆ ಮುಂಚೆಯೇ ಶರಣಬಸಮ್ಮ ಬೇವಿನ ಬುಡದಿಂದ ಎದ್ದು ಬರುತ್ತಾಳೆ. ಹೊಸ್ತಿಲ ಹತ್ತಿರ ಒಂದು ಗಳಿಗೆ ನಿಲ್ಲುತ್ತಾಳೆ. ತಲೆಗೆ ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ, ಕೈಯಲ್ಲಿ ಎರವಲು ಪಾಟಿ. ಆಮೇಲೆ ದಾಟುತ್ತಾಳೆ.

ಆಕೆ ಕುಳಿತ ಕೂಡಲೇ ನಾಲ್ವರು ಹುಡುಗರು ಎದ್ದು ಹೊರಗೆ ಹೋಗುತ್ತಾರೆ. ಮೂವರು ಗೌಡರ ಮೊಮ್ಮಕ್ಕಳು, ಇನ್ನೊಬ್ಬ ಅವರ ಗೆಳೆಯ. ಮನೆಯಲ್ಲಿ ಹೇಳಿಕೊಟ್ಟು ಕಳಿಸಿದ್ದಿರಬೇಕು. ಸಾಹೇಬರು ತಲೆ ಎತ್ತುವುದಿಲ್ಲ. ಹಾಜರಿ ಕೂಗುತ್ತಾರೆ. ಗೌಡರ ಹಿರಿಯ ಮೊಮ್ಮಗ ಬೇವಿನ ಮರದ ಕೆಳಗಿನಿಂದ “ಹಾಜರ್” ಎನ್ನುತ್ತಾನೆ.

“ಹೊಸ್ತಿಲ ಒಳಗಿದ್ದವರೇ ಹಾಜರ್,” ಎಂದು ಸಾಹೇಬರು ಲೇಖನಿಯನ್ನು ಮಸಿಯಲ್ಲಿ ಅದ್ದುತ್ತಾರೆ.

ನಾಲ್ವರಲ್ಲಿ ಮೂವರು ಓಡಿ ಬಂದು ಒಳಗೆ ಕೂರುತ್ತಾರೆ. ಗೆಳೆಯನೊಬ್ಬ ಅಳುತ್ತ ಮನೆಗೆ ಹೋಗುತ್ತಾನೆ. ಸಾಹೇಬರು ನ್ಯಾಯವಂತರೆಂದು ನಾನು ಹೇಳಲಾರೆ. ಹೋದ ವರ್ಷ ಇದೇ ಕಾಯ್ದೆ ಇದೇ ಹುಡುಗಿಯನ್ನು ಹೊರಗಿಟ್ಟಿತ್ತು.

ಶರಣಬಸಮ್ಮ ಪಾಠ ಓದುತ್ತಾಳೆ, ಒಂದು ಕಡೆ ತಡವರಿಸಿ ಮತ್ತೆ ಹಿಡಿಯುತ್ತಾಳೆ. ಉರ್ದುವಿನ ಹತ್ತು ಶಬ್ದ ಬರೆಯುತ್ತಾಳೆ. ಹದಿನೇಳೆಂಟಲೆ ಎಷ್ಟು ಎಂದು ಸಾಹೇಬರು ಕೇಳಿದಾಗ ಆಕೆಯ ಪಾಟಿಯ ಮೇಲೆ ಒಂದು ನೆರಳು ಬಿದ್ದಿರುತ್ತದೆ. ಬೆಳಕಿಂಡಿಯಲ್ಲಿ ಯಾರದು ಎಂದು ಸಾಹೇಬರು ಮೇಲೆ ನೋಡುತ್ತಾರೆ. ಮಾಳಿಗೆ ಕೆಲಸ ನಡೆದಿದೆ ಎಂದು ಮಾಸ್ತರರು ತಡಬಡಿಸುತ್ತಾರೆ. ಹದಿನೇಳರ ಮಗ್ಗಿ ತಾಯಿಗೆ ಬರುವುದಿಲ್ಲ. ಮಗಳಿಗೆ ಬರುತ್ತದೆ: ನೂರಾ ಮೂವತ್ತಾರು.

ಪಾಸ್. ಹುಡುಗಿ ಇನ್ನು ನಾಲ್ಕನೆಯ ಇಯತ್ತೆ. ಮಳೆಗಾಲದಲ್ಲಿ ಮತ್ತೊಮ್ಮೆ ಬರುತ್ತೇನೆ, ಮಾಳಿಗೆ ಸೋರಬಾರದು, ದಫ್ತರದ ರಿಜಿಸ್ಟರು ತೋಯಬಾರದು, ಎಂದು ಸಾಹೇಬರು ಟಾಂಗಾ ಹತ್ತುತ್ತಾರೆ. ಅವರ ಹಿಂದೆಯೇ ಗೌಡರ ಆಳು ಅಂಗಳಕ್ಕೆ ಬಂದು, ಮಾತು ಪರೀಕ್ಷೆಯ ಒಂದು ದಿನಕ್ಕಿತ್ತು, ರಜೆ ಮುಗಿದ ಮೇಲೆ ಹುಡುಗಿಗೆ ಮೊದಲಿನ ಜಾಗವೇ, ಎಂದು ಗಟ್ಟಿಯಾಗಿ ಹೇಳಿ ಹೋಗುತ್ತಾನೆ. ದತ್ತಪ್ಪ ತಲೆ ತಗ್ಗಿಸುತ್ತಾನೆ. ಮಲ್ಕಮ್ಮ ಏನೂ ಕೇಳಿಸದವಳ ಹಾಗೆ ಬುಟ್ಟಿ ಎತ್ತುತ್ತಾಳೆ. ಕರಾರು ಕರಾರೇ.

ಸಂಜೆಯೊಳಗೆ ಎಂಬತ್ತು ಬುಟ್ಟಿ ಆಗಬೇಕು. ಎಣಿಸುತ್ತಿದ್ದ ನನಗೆ ಎಪ್ಪತ್ತೊಂಬತ್ತೇ ಸಿಗುತ್ತದೆ. ಮೇಲೆ ಹತ್ತಿ ನೋಡುತ್ತೇನೆ, ಈ ಸಲ ಹೇಳಿಸಿಕೊಳ್ಳದೆ ಚಪ್ಪಲಿ ಬಿಟ್ಟು. ಕೊನೆಯ ಖಣದ ಮೂಲೆಯಲ್ಲಿ ಒಂದು ಬುಟ್ಟಿ ಮಣ್ಣು ಹಿಡಿಯುವಷ್ಟು ಜಾಗ ಬರಿದಾಗಿದೆ. ಅದರ ನೇರ ಕೆಳಗೆ ಮಾಸ್ತರರ ತಗಡಿನ ಪೆಟ್ಟಿಗೆ ಇದೆ. ಹಾಜರಿ ರಿಜಿಸ್ಟರುಗಳೆಲ್ಲ ಅದರಲ್ಲಿವೆ.

ಪೆಟ್ಟಿಗೆಯನ್ನು ಬೇರೆ ಮೂಲೆಗೆ ಸರಿಸಬಹುದಲ್ಲ ಎಂದು ಮಾಸ್ತರರನ್ನು ಕೇಳುತ್ತೇನೆ. ಬಲು ಭಾರ, ಸರಿಸಲು ಬರುವುದಿಲ್ಲ, ಎನ್ನುತ್ತಾರೆ ಗಂಭೀರವಾಗಿ. ಅವರು ಆಚೆ ಹೋದಾಗ ಎತ್ತಿ ನೋಡಿದೆ. ಅಷ್ಟೇನೂ ಭಾರವಿಲ್ಲ.

ಕೇರಿಯಲ್ಲಿ, ಗುಡಿಸಲ ಬಾಗಿಲ ಪಕ್ಕ, ಎಂಬತ್ತನೆಯ ಬುಟ್ಟಿ ಹಳೆಯ ಗೋಣಿ ಹೊದ್ದು ಕುಳಿತಿದೆ. ದಶರಥ ಅದರ ಮೇಲೆ ಕೂರಲು ಹೋಗಿ ಬೈಸಿಕೊಳ್ಳುತ್ತಾನೆ. ಇದನ್ನೂ ಬರೆಯಲೇ, ಗೌಡರಿಗೆ ಗೊತ್ತಾಗುತ್ತದಲ್ಲ, ಎಂದು ಕೇಳುತ್ತೇನೆ. ಮಲ್ಕಮ್ಮ ಕಾಲಿನ ಮಣ್ಣು ತೊಳೆಯುತ್ತಲೇ ಹೇಳುತ್ತಾಳೆ.

“ಬರೀರಿ, ಗೊತ್ತಾಗಲಿ ಅಂತೇ ಬಿಟ್ಟೇನಿ. ಸಾಲಿ ತೆರದ ದಿನ ನನ್ನ ಮಗಳು ಒಳಗ ಕುಂತ್ಲಂದ್ರ ಈ ಬುಟ್ಟಿ ಹೊತ್ಕೊಂಡು ನಾನೇ ಹೋಗ್ತೇನಿ, ಕರೀಲಿಕ್ಕೆ ಬರೂದೂ ಬ್ಯಾಡ. ಹೊರಗ ಕುಂತ್ಲಂದ್ರ, ಆಕಿ ತೋಯ್ದಾಗ ಆ ಹಾಜರಿ ಬುಕ್ಕೂ ತೋಯಲಿ.”