ನೊರೆಹಾಲಿನ ಪಾಲು

ಬೇರೆ ಹೆಂಗಸರು ಬಂಗಾರ ಕಂಡು, ಸೀರೆ ಕಂಡು ಹೊಟ್ಟೆ ಉರಿಸಿಕೊಳ್ಳುತ್ತಾರೆ. ನಾನು ಉರಿಸಿಕೊಂಡದ್ದು ಒಂದು ವಾಟಗಾ, ಅಂದರೆ ಒಂದು ಬಟ್ಟಲು ಹಾಲಿಗಾಗಿ. ಅದೂ ಕಾಯಿಸದ ಹಾಲು.

ಇಸವಿ ಎರಡು ಸಾವಿರದ ಆಸುಪಾಸು. ನನ್ನ ಗಂಡ ಬೆಳಗಾವಿಯ ಒಂದು ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ವಡಗಾವಿಯ ಓಣಿಯೊಂದರಲ್ಲಿ ನಮ್ಮ ಬಾಡಿಗೆ ಮನೆ, ಗೋಡೆಯ ಆಚೆ ಬದಿಗೆ ನೇಕಾರರ ಮಗ್ಗಗಳು. ಗಂಡನ ಊರು ಖಾನಾಪುರದಿಂದಲೂ ಆಚೆ, ಕಾಡಿನಂಚಿಗೆ. ಅಲ್ಲಿ ಅತ್ತೆ, ಭಾವ, ಭಾವನ ಹೆಂಡತಿ, ಮತ್ತೆ ಮನೆ ತುಂಬ ಎಮ್ಮೆಗಳು. ಭಾವನ ಹೆಂಡತಿ ಅಂದರೆ ನನ್ನ ನೆಗೆಣ್ಣಿ. ಆಕೆಯನ್ನು ನಾನು ಅಕ್ಕ ಎಂದು ಕರೆಯುತ್ತಿದ್ದೆ, ಬಾಯಿಮಾತಿಗೆ.

ರವಿವಾರಗಳಂದು ಊರಿಗೆ ಹೋಗುವಾಗ ಪೇಟೆಯಿಂದ ಕುಂದಾ ಮಿಠಾಯಿಯ ಪೊಟ್ಟಣ ಒಯ್ಯುತ್ತಿದ್ದೆ. ಅತ್ತೆ ಅದನ್ನು ದೇವರ ಮುಂದಿಟ್ಟು ನನಗೆ ಚಾಪೆ ಹಾಸುತ್ತಿದ್ದರು. "ಕುಂದರವಾ, ಬಸ್ಸಿನ್ಯಾಗ ದಣದ ಬಂದಿ" ಎನ್ನುತ್ತಿದ್ದರು. ಅಡುಗೆಮನೆಗೆ ಕಾಲಿಡಗೊಡುತ್ತಿರಲಿಲ್ಲ. ಅದು ಮರ್ಯಾದೆ ಎಂದು ಗಂಡನ ವಾದ. ಮರ್ಯಾದೆಯನ್ನು ಬೀಗರಿಗೆ ಕೊಡುತ್ತಾರೆ, ಮನೆಯ ಸೊಸೆಗೆ ಯಾರು ಕೊಡುತ್ತಾರೆ? ಅಕ್ಕನಿಗೆ ಬೈಗುಳ ಸಿಗುತ್ತಿತ್ತು, ತಲೆಗೆ ಎಣ್ಣೆ ಸಿಗುತ್ತಿತ್ತು, ಅತ್ತೆಯ ತಾಟಿನಲ್ಲೇ ಪಾಲು ಸಿಗುತ್ತಿತ್ತು. ನನಗೆ ಚಾಪೆ.

ಎಲ್ಲಕ್ಕಿಂತ ಹೆಚ್ಚು ಸುಟ್ಟದ್ದು ಸಂಜೆ ಎಮ್ಮೆ ಹಿಂಡುವ ಹೊತ್ತು. ಅಕ್ಕ ಹಿಂಡಲು ಕೂತರೆ ಅತ್ತೆ ಪಕ್ಕದಲ್ಲಿ ನಿಂತಿರುತ್ತಿದ್ದರು. ನೊರೆ ಉಕ್ಕಿ ಮೇಲೆ ಬರುತ್ತಿದ್ದಂತೆ ಹಿತ್ತಾಳೆಯ ವಾಟಗಾ ಅದ್ದಿ, ಅಲ್ಲೇ ಅಕ್ಕನ ಬಾಯಿಗೆ ಹಿಡಿಯುತ್ತಿದ್ದರು. ಆಕೆ ಕೆಚ್ಚಲಿನಿಂದ ಕೈ ತೆಗೆಯದೆ ಗಟಗಟ ಕುಡಿಯುತ್ತಿದ್ದಳು. ಮೇಲ್ತುಟಿಯ ಮೇಲೆ ಬಿಳಿ ಮೀಸೆ ಮೂಡುತ್ತಿತ್ತು. ಅತ್ತೆ ಅದನ್ನು ತಮ್ಮ ಸೆರಗಿನಿಂದ ಒರೆಸುತ್ತಿದ್ದರು. ನನ್ನ ತಾಯಿ ನಾನು ಕೂಸಾಗಿದ್ದಾಗಲೇ ತೀರಿಹೋದವಳು. ನನ್ನ ಬಾಯಿ ಯಾರೂ ಸೆರಗಿನಿಂದ ಒರೆಸಿದ ನೆನಪಿಲ್ಲ. ನನಗೆ ಆ ಸೆರಗು ಬೇಕಾಗಿತ್ತು.

"ನನಗೂ ಒಂದೀಟು ಕೊಡ್ರಿ, ಅತ್ತಿ" ಎಂದೆ ಒಮ್ಮೆ.

"ನಿನಗ ಬ್ಯಾಡವಾ. ಪ್ಯಾಟ್ಯಾಗ ಬೆಳದಾಕಿ, ಹಸಿ ಹಾಲ ತಡಿಯಂಗಿಲ್ಲ. ಕಾಸಿ ಕೊಡ್ತೀನಿ ತಡಿ."

ಕಾಯಿಸಿದ ಹಾಲಿಗೆ ಸಕ್ಕರೆ, ಯಾಲಕ್ಕಿ ಹಾಕಿ ಸ್ಟೀಲಿನ ಲೋಟದಲ್ಲಿ ತಂದುಕೊಟ್ಟರು. ಇಷ್ಟು ಸಿಹಿಯಾದ ಅವಮಾನವನ್ನು ನಾನು ಬೇರೆಲ್ಲೂ ಕುಡಿದಿಲ್ಲ.

ಆ ವರ್ಷ ಮಳೆಗಾಲ ಮುಗಿಯುವಾಗ ಎಮ್ಮೆಯೊಂದು ಕಂದು ಹಾಕಿತು. ದಿನ ತುಂಬುವ ಮೊದಲೇ ಹೊರಬಿದ್ದ ಸತ್ತ ಕರು. ಅಕ್ಕ ಬಳೆ ಮೇಲಕ್ಕೆ ಸರಿಸಿ, ಬರಿಗೈಯಿಂದಲೇ ಕರುವನ್ನೂ ಅದರ ಮಾಸನ್ನೂ ಎಳೆದು ಹಾಕಿದಳು. ನೋಡಲು ಬಂದ ನೆರೆಯವರು "ಗಟ್ಟಿ ಹೆಂಗಸು ನೋಡವಾ" ಎಂದು ಹೊಗಳಿದರು. ನನಗೆ ಅದನ್ನೂ ಸಹಿಸಲಾಗಲಿಲ್ಲ. ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಹೇಸಿಗೆ ಕೆಲಸದ ಮೇಲೂ ನನಗೆ ಅಸೂಯೆಯಾಯಿತು.

ದೀಪಾವಳಿಗೆ ಹೋದಾಗ ತಡೆದುಕೊಳ್ಳಲಾಗಲಿಲ್ಲ. ಅತ್ತೆ ವಾಟಗಾ ಅದ್ದಿ ಮೇಲೆತ್ತಿದ್ದೇ ತಡ, ಅವರ ಕೈಯಿಂದ ಕಸಿದುಕೊಂಡು ಒಂದೇ ಉಸಿರಿಗೆ ಕುಡಿದೆ. ಬೆಚ್ಚಗಿತ್ತು, ಎಮ್ಮೆಯ ಮೈ ವಾಸನೆ ಇತ್ತು. ಅಕ್ಕ ನಕ್ಕಳು, ಅತ್ತೆಯೂ ನಕ್ಕರು. ಸೆರಗು ಮಾತ್ರ ಮೇಲೇಳಲಿಲ್ಲ. ಬಾಯಿ ನಾನೇ ಒರೆಸಿಕೊಂಡೆ. ಛಲ ಬಿಡದೆ ಮುಂದೆ ಹೋದಾಗಲೆಲ್ಲ ಹಾಗೆಯೇ ಕುಡಿದೆ.

ಸಂಕ್ರಾಂತಿಗೆ ಜ್ವರ ಶುರುವಾಯಿತು. ಸಂಜೆಯಾದರೆ ಚಳಿ ಹುಟ್ಟಿ ಮೈ ಕಾಯುತ್ತಿತ್ತು, ಬೆಳಗಾಗುವಷ್ಟರಲ್ಲಿ ಬೆವರಿಗೆ ಹಾಸಿಗೆ ತೊಯ್ದಿರುತ್ತಿತ್ತು. ನಾಲ್ಕು ದಿನ ಆರಾಮ ಎನ್ನಿಸಿ ಮತ್ತೆ ಬರುತ್ತಿತ್ತು. ಸೊಂಟ ಹಿಡಿದುಕೊಂಡು ಬಗ್ಗಲಾಗುತ್ತಿರಲಿಲ್ಲ. ಗೋಡೆಯಾಚೆ ಮಗ್ಗ ಬಡಿದರೆ ನನ್ನ ಕೀಲುಗಳಲ್ಲಿ ಬಡಿದಂತಾಗುತ್ತಿತ್ತು. ಒಬ್ಬ ಡಾಕ್ಟರು ಟೈಫಾಯಿಡ್ ಎಂದರು, ಇನ್ನೊಬ್ಬರು ಮಲೇರಿಯಾ ಎಂದರು. ಎರಡರ ಗುಳಿಗೆಗೂ ಜ್ವರ ಜಗ್ಗಲಿಲ್ಲ. ಗಂಡ ರಜೆ ಹಾಕಿ ಕೋಟೆಯ ಹತ್ತಿರದ ಒಬ್ಬ ಹಿರಿಯ ಡಾಕ್ಟರ ಬಳಿ ಕರೆದುಕೊಂಡು ಹೋದರು.

ಅವರು ನಾಡಿ ಹಿಡಿಯುವ ಮೊದಲು ಪ್ರಶ್ನೆ ಹಿಡಿದರು. "ಮನಿಯಾಗ ನಾಯಿ ಅದಾವೇನ್ರಿ? ಕಾಡಿನ ಕಡೆ ಹೋಗಿದ್ರೇನು, ಉಣ್ಣಿ ಕಚ್ಚಿತ್ತೇನು? ಹಾಲು ಹೆಂಗ ಕುಡೀತೀರಿ?"

"ಕಾಸೇ ಕುಡೀತೀವ್ರಿ" ಎಂದರು ಗಂಡ.

"ನಾ ಹಸೀದ ಕುಡದೇನ್ರಿ" ಎಂದೆ ನಾನು.

ಡಾಕ್ಟರು ಪೆನ್ನು ಕೆಳಗಿಟ್ಟರು. "ಉಣ್ಣಿಯಿಂದ ಒಂದ ನಮೂನಿ ಜ್ವರ, ಇಲಿಯಿಂದ ಒಂದ ನಮೂನಿ, ಹಾಲಿನಿಂದ ಒಂದ ನಮೂನಿ. ಮೊದಲಿಗೆ ಎಲ್ಲಾ ಒಂದ ಥರಾ ಕಾಣ್ತಾವ. ಯಾವುದಾರ ಎಮ್ಮಿ ಕಂದು ಹಾಕೇತೇನು?"

ರಕ್ತ ಪರೀಕ್ಷೆಯಲ್ಲಿ ಬ್ರುಸೆಲೋಸಿಸ್ ಎಂದು ಬಂತು. ಸೋಂಕು ತಗುಲಿದ ಎಮ್ಮೆಯ ಹಸಿ ಹಾಲಿನಿಂದ, ಕಂದನ್ನು ಬರಿಗೈಯಲ್ಲಿ ಮುಟ್ಟುವುದರಿಂದ ಬರುವ ರೋಗ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ನನಗೆ ಗೊತ್ತಿತ್ತು, ಹಾಲನ್ನೇ ನಂಬಬಾರದು ಎಂದು ಯಾರೂ ಹೇಳಿರಲಿಲ್ಲ. ವಾರಗಟ್ಟಲೆ ಗುಳಿಗೆ ನುಂಗಬೇಕು, ಎಮ್ಮೆಗಳನ್ನು ದನದ ಡಾಕ್ಟರಿಗೆ ತೋರಿಸಬೇಕು, ಊರಿನ ಮನೆಯವರ ರಕ್ತವನ್ನೂ ನೋಡಬೇಕು ಎಂದರು. ಖರೇ ಹೇಳಬೇಕೆಂದರೆ ನನಗೆ ಒಳಗೊಳಗೇ ಹಿಗ್ಗಾಯಿತು. ಇನ್ನು ಅತ್ತೆ ನನ್ನ ತಲೆಗೂ ಎಣ್ಣೆ ಹಚ್ಚುತ್ತಾರೆ ಎಂದುಕೊಂಡೆ.

ಅತ್ತೆ ಬಂದರು, ಅಕ್ಕನ ಜೊತೆ, ಅದೇ ಡಾಕ್ಟರ ಬಳಿ ರಕ್ತ ಕೊಡಲು. ಸೂಜಿ ಕಂಡು ಅಕ್ಕ ಕಣ್ಣು ಮುಚ್ಚಿದರೆ ಅತ್ತೆ ಆಕೆಯ ಕೈ ಹಿಡಿದು ಕೂತರು. ನನಗೆ ಎಷ್ಟು ಸೂಜಿ ಚುಚ್ಚಿದ್ದರು, ಆಗ ಯಾರು ಕೈ ಹಿಡಿದಿದ್ದರು? ಅತ್ತೆಯ ರಕ್ತದಲ್ಲಿ ಏನೂ ಸಿಗಲಿಲ್ಲ. ಅಕ್ಕನ ರಕ್ತದಲ್ಲಿ ಸಿಕ್ಕಿತು.

"ಮೊದಲ ಹಿಂಗ ಜ್ವರ ಬಂದಿತ್ತೇನ್ರಿ?" ಎಂದು ಡಾಕ್ಟರು ಕೇಳಿದರು.

"ಬರ್ತಾವ್ರಿ, ಹೋಗ್ತಾವ್ರಿ. ಸೊಂಟ ಹಿಡದ ಭಾಳ ವರ್ಷ ಆತು."

"ಮಕ್ಕಳು?"

ಅಕ್ಕ ಅತ್ತೆಯ ಮುಖ ನೋಡಿದಳು. "ನಿಲ್ಲಲಿಲ್ರಿ. ಬಸರಾದಾಗೊಮ್ಮೆ ಹೋದುವು."

ಅಕ್ಕ ಬಸಿರೇ ಆಗಿಲ್ಲ ಎಂದು ನಾನು ತಿಳಿದಿದ್ದೆ. ಆ ಮನೆಯಲ್ಲಿ ಯಾರೂ ನನಗೆ ಹೇಳಿರಲಿಲ್ಲ. ಆಗಲೂ ನನ್ನೊಳಗೆ ಮೊದಲು ಎದ್ದದ್ದು ಉರಿಯೇ. ಇಷ್ಟು ದೊಡ್ಡ ದುಃಖವನ್ನು ಇವರಿಬ್ಬರೇ ಹಂಚಿಕೊಂಡು ನನ್ನನ್ನು ಹೊರಗೆ ಚಾಪೆಯ ಮೇಲೆ ಕೂರಿಸಿದ್ದರು.

"ಇದರಿಂದನೂ ಆಗಿರಬಹುದು. ಈಗ ಖಾತ್ರಿ ಹೇಳಾಕ ಬರೂದಿಲ್ಲ" ಎಂದರು ಡಾಕ್ಟರು, ಮೆಲ್ಲಗೆ.

ಅತ್ತೆ ಅಕ್ಕನ ಕೈ ಬಿಟ್ಟರು. "ಹೊಟ್ಟಿ ಇಳದಾಗೊಮ್ಮೆ ನೊರಿಹಾಲ ಕುಡಿಸಿದೆನ್ರಿ. ಮೈಯಾಗ ಬಲಾ ಬರಲಿ ಅಂತ ನಾನ ನಿಂತ ಕುಡಿಸಿದೆ." ಅತ್ತೆ ತಮ್ಮ ಅಂಗೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಅವನ್ನೇ ನೋಡುತ್ತ ಕೂತರು.

ಹೊರಗೆ ಬೆಂಚಿನ ಮೇಲೆ ನಾನು ಮತ್ತು ಅಕ್ಕ ಇಬ್ಬರೇ. ಗಂಡ ಔಷಧಿ ಅಂಗಡಿಗೆ ಹೋಗಿದ್ದರು, ಅತ್ತೆ ದೂರ ಗೋಡೆಗೆ ಮುಖ ಮಾಡಿ ನಿಂತಿದ್ದರು. ಏನಾದರೂ ಅನ್ನಬೇಕೆಂದು, "ಗುಳಿಗಿ ತಗೊಂಡ್ರ ಇಬ್ಬರಿಗೂ ಆರಾಮ ಆಗತೈತಂತ, ಅಕ್ಕಾ" ಎಂದೆ.

ಆಕೆ ನನ್ನ ಕಡೆ ತಿರುಗಿದಳು. ಕಣ್ಣಲ್ಲಿ ನೀರಿರಲಿಲ್ಲ.

"ನಿನ್ನ ಕಂಡ್ರ ನನಗ ಹೊಟ್ಟಿ ಉರೀತೈತಿ ತಂಗಿ. ಸಂಕ್ರಾಂತಿಗೆ ನಿನಗ ಜ್ವರ ಬಂದ್ರ ಶಿವರಾತ್ರಿಯೊಳಗ ಅದಕ್ಕೊಂದ ಹೆಸರು ಸಿಕ್ತು. ನನಗ ಎಲ್ಲಾರೂ ಪ್ರೀತಿ ಮಾಡಿದ್ರು, ಭಾಳ ಪ್ರೀತಿ ಮಾಡಿದ್ರು. ಒಬ್ಬರೂ ಬಸ್ ಹತ್ತಿಸಲಿಲ್ಲ."