ರಸ್ತೆ ಕಡೆಯ ತುಂಡು

ವಂಶಾವಳಿಯ ಕಾಗದ ಬರೆದದ್ದು ನಾನೇ. ಬರೆಯುವಾಗ ಪೆನ್ನು ಒಂದು ಕ್ಷಣ ನಿಂತಿತ್ತು ಎಂದು ನೆನಪು ಹೇಳುತ್ತದೆ. ಅದನ್ನು ನಾನು ನಂಬುವುದಿಲ್ಲ. ಆ ಕಾಗದದ ಜೆರಾಕ್ಸ್ ನನ್ನ ಹತ್ತಿರ ಇದೆ. ಅಕ್ಷರಗಳು ಒಂದೇ ಸಮ ಹೋಗಿವೆ, ಎಲ್ಲೂ ತಡೆದದ್ದು ಕಾಣುವುದಿಲ್ಲ.

ತಾತ ಸತ್ತು ಎಷ್ಟೋ ವರ್ಷವಾಗಿದ್ದರೂ ಬಸ್ತಿಹಳ್ಳಿಯ ಒಂದೂವರೆ ಎಕರೆ ಪಹಣಿಯಲ್ಲಿ ಇನ್ನೂ ಅವನ ಹೆಸರಿನಲ್ಲೇ ಇತ್ತು. ರಾಗಿ ಬೆಳೆಯುವ ನೆಲ, ಯಾರಿಗೂ ಅವಸರವಿರಲಿಲ್ಲ. ಆಮೇಲೆ ಹಳೇಬೀಡಿನ ದೇವಸ್ಥಾನ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು, ಹೊಲದ ಪಕ್ಕ ಕಾರುಗಳು ನಿಲ್ಲತೊಡಗಿದವು. ಇಳಿದವರು ಹೊಲದಾಚೆಯ ಹಳೆಯ ಬಸದಿ ನೋಡುತ್ತಿರಲಿಲ್ಲ. ಬಸದಿಗೆ ಬೆನ್ನು ಮಾಡಿ ನಿಂತು ರಸ್ತೆ ನೋಡುತ್ತಿದ್ದರು. ಬಸದಿಯಂಥ ಸಂರಕ್ಷಿತ ಸ್ಮಾರಕದ ತೀರಾ ಹತ್ತಿರ ಏನೂ ಕಟ್ಟುವಂತಿಲ್ಲ, ಸ್ವಲ್ಪ ದೂರದಲ್ಲಿ ಅನುಮತಿ ಪಡೆದು ಕಟ್ಟಬಹುದು. ಅಳೆದಾಗ, ನಮ್ಮ ಹೊಲದಲ್ಲಿ ಕಟ್ಟಲು ಬರುವುದು ರಸ್ತೆ ಕಡೆಯ ತುಂಡು ಮಾತ್ರ ಎಂದು ತಿಳಿಯಿತು. ಅಷ್ಟಕ್ಕೇ ರೆಸಾರ್ಟಿನವರು ಹೇಳಿದ ಬೆಲೆ ಕೇಳಿ ದೊಡ್ಡಪ್ಪ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ತಾತನಿಗೆ ಮೂವರು ಮಕ್ಕಳು: ದೊಡ್ಡಪ್ಪ, ತೀರಿಕೊಂಡ ನಮ್ಮಪ್ಪ, ಕಣಕಟ್ಟೆಗೆ ಕೊಟ್ಟ ಅತ್ತೆ. ಗಂಡ ಸತ್ತ ಮೇಲೆ ಅತ್ತೆ ಮೈದುನನ ಮನೆಯ ಹಿಂದಿನ ಕೋಣೆಯಲ್ಲಿದ್ದಳು. ಅದನ್ನು ಖಾಲಿ ಮಾಡು ಎಂದು ಅವರು ಹೇಳಿಯಾಗಿತ್ತು. ತವರಿನ ಹೊಲದಲ್ಲಿ, ರಸ್ತೆ ಕಡೆಗೆ, ಎರಡು ಕೋಣೆ ಕಟ್ಟಿಕೊಳ್ಳುತ್ತೇನೆ ಎಂದು ಅವಳು ಸಿಕ್ಕಿದಾಗಲೆಲ್ಲ ಹೇಳುತ್ತಿದ್ದಳು.

ಮಾರಬೇಕಾದರೆ ಮೊದಲು ಖಾತೆ ತಾತನ ವಾರಸುದಾರರ ಹೆಸರಿಗೆ ಆಗಬೇಕು, ಅದಕ್ಕೆ ವಂಶಾವಳಿ ಬೇಕು. “ಬರಿ ಬರಿ,” ಅಂದ ದೊಡ್ಡಪ್ಪ. “ನಾನೊಬ್ಬ, ನಿಮ್ಮಪ್ಪ ಒಬ್ಬ. ನಿಮ್ಮಪ್ಪನ ಕೆಳಗೆ ನೀನು. ಮುಗೀತು.”

“ಅತ್ತೆ?”

“ಅವಳ್ನ ಕೊಟ್ಟಾಯ್ತಲ್ಲೋ. ಕಣಕಟ್ಟೆಯೋರ ವಂಶಾವಳೀಲಿ ಬರ್ಕೊಳ್ಳಲಿ ಬಿಡು.”

ಸಾಕ್ಷಿಗೆ ಕರೆಸಿದ್ದ ಪಕ್ಕದ ಹೊಲದವನು ನಕ್ಕ. “ಕನ್ನಡಕ ಮನೇಲೈತೆ ಕಣಣ್ಣ. ಒಳ್ಳೇದೇ ಆಯ್ತು. ಎಲ್ಲಿ ಹಾಕ್ಬೇಕು ಸೈನು, ತೋರ್ಸು.” ಅತ್ತೆಯ ಮದುವೆಯಲ್ಲಿ ಪಂಕ್ತಿಗೆ ಬಡಿಸಿದವನು ಅವನು.

ನಾನು ಅರಸೀಕೆರೆಯ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳುತ್ತೇನೆ. ಹೆಣ್ಣುಮಕ್ಕಳಿಗೂ ಸಮಪಾಲು ಎಂದು ಬೋರ್ಡಿನ ಮೇಲೆ ಬರೆಯುವ ಕೈಯೇ ಅದನ್ನೂ ಬರೆಯಿತು. ಮೂವರ ಪಾಲು ಇಬ್ಬರದಾದರೆ ನನಗೆಷ್ಟು ಎಂದು ಅಲ್ಲೇ ಯೋಚಿಸಿದೆನೋ, ಮನೆಗೆ ಹೋಗಿ ಯೋಚಿಸಿದೆನೋ. ಯೋಚಿಸಿದ್ದಂತೂ ನಿಜ.

ಖಾತೆ ಬದಲಾವಣೆಯ ನೋಟಿಸು ಚಾವಡಿಯ ಗೋಡೆಗೆ ಬಂತು. ತಕರಾರಿದ್ದವರು ಗಡುವಿನೊಳಗೆ ನಾಡಕಚೇರಿಯಲ್ಲಿ ಹೇಳಬೇಕು. ದಾಟಿದರೆ ಖಾತೆ ನಮ್ಮಿಬ್ಬರ ಹೆಸರಿಗೆ. ಯಾರೂ ನಿಂತು ಓದಿದ್ದನ್ನು ನಾನು ಕಾಣೆ. ಆದರೆ ಆ ದಿನಗಳಲ್ಲಿ ನನ್ನನ್ನು ಕಂಡವರೆಲ್ಲ ಮಳೆಯ ವಿಚಾರ ಮಾತ್ರ ಮಾತಾಡಿದರು.

ಗಡುವು ಮುಗಿಯಲು ಒಂದೇ ದಿನ ಇರುವಾಗ ಅತ್ತೆ ಹೊಲಕ್ಕೆ ಬಂದಳು. ಯಾರೂ ಹೇಳಿಕಳಿಸಿರಲಿಲ್ಲ. ನಾನೂ ದೊಡ್ಡಪ್ಪನೂ ಹೋಗುವ ಹೊತ್ತಿಗೆ ಚಪ್ಪಲಿ ಬಿಟ್ಟು, ರಸ್ತೆ ಕಡೆಯ ತುಂಡಿನಲ್ಲಿ ಹೆಜ್ಜೆ ಹಾಕಿ ಅಳೆಯುತ್ತಿದ್ದಳು.

“ಏನ್ ಮೇಷ್ಟ್ರೇ, ಸ್ಕೂಲಿಗೆ ಚಕ್ಕರ್ರಾ? ನೋಡು, ಇದು ಅಡುಗೆ ಮನೆ. ನೀನು ಬಂದ್ರೆ ಆ ಕಡೆ ಕೂತ್ಕೋ, ಹೊಗೆ ಬರಾಕಿಲ್ಲ.”

“ಹುಷಾರು ಕಣಮ್ಮ, ಮುಳ್ಳೈತೆ,” ಅಂದ ದೊಡ್ಡಪ್ಪ ಬದುವಿನ ಮೇಲಿಂದ. ಅಷ್ಟು ಮೆತ್ತಗಿನ ದನಿ ಅವನಲ್ಲಿದೆ ಎಂದು ನನಗೆ ಗೊತ್ತಿರಲಿಲ್ಲ. ಎಳನೀರು ಕೀಳಿಸಿ, ತಾನೇ ಕೆತ್ತಿ, ಅವಳು ಕುಡಿದು ಮುಗಿಸುವವರೆಗೂ ಎದುರಿಗೇ ನಿಂತಿದ್ದ.

ಬಸ್ಸಿಗೆ ಕಾಯುವಾಗ ಅತ್ತೆ ನನ್ನನ್ನು ಪಕ್ಕಕ್ಕೆ ಕರೆದಳು.

“ಅಣ್ಣ ಯಾಕೋ ಇವತ್ತು ಬಲು ಪ್ರೀತಿ ತೋರ್ಸ್ತಾವ್ನೆ. ನಂಗೆ ಭಯ ಆಯ್ತದೆ. ಇವತ್ತು ಇಲ್ಲೇ ಉಳ್ಕೊಂಡು, ನಾಳೆ ಕಚೇರೀಲಿ ಒಂದು ಮಾತು ಕೇಳ್ಲಾ? ಪಾಣಿ ಯಾರ ಹೆಸ್ರಲ್ಲೈತೆ ಅಂತ. ನೀನು ಓದ್ದೋನು, ಹೇಳು.”

“ನಾಳೆ ಕಚೇರಿಗೆ ರಜ ಅತ್ತೆ,” ಅಂದೆ.

ಏನು ರಜ ಎಂದು ಅವಳು ಕೇಳಿದಳು ಅಂತ ಬರೆಯುವ ಆಸೆ. ಕೇಳಿದ್ದರೆ ನಾನು ತಡವರಿಸುತ್ತಿದ್ದೆ, ಅವಳು ನನ್ನ ಮುಖ ನೋಡುತ್ತಿದ್ದಳು. ಕೇಳಲಿಲ್ಲ. “ಸರಿ ಬಿಡಪ್ಪ” ಎಂದು ಬಸ್ಸು ಹತ್ತಿದಳು.

ಈಗ ಖಾತೆಯಾಗಿದೆ. ಮಾರಾಟದ ಕರಾರು ಬರೆದು, ರೆಸಾರ್ಟಿನವರು ರಸ್ತೆಯುದ್ದಕ್ಕೂ ತಗಡಿನ ಬೇಲಿ ನಿಲ್ಲಿಸಿ ಗೇಟಿಗೆ ಬೀಗ ಹಾಕಿದ್ದಾರೆ. ಮೊನ್ನೆ ಅತ್ತೆಯ ಫೋನು ಬಂತು. ಕೋಣೆ ಬಿಟ್ಟುಕೊಟ್ಟಳಂತೆ. ಪಾತ್ರೆ ಪಡಗವನ್ನೆಲ್ಲ ಗಂಟು ಕಟ್ಟಿ ಇಟ್ಟಿದ್ದಾಳಂತೆ.

“ಸೋಮವಾರ ಗಾರೆಯೋನ್ನ ಕರ್ಕೊಂಡು ಹೊಲದ ಹತ್ರ ಬತ್ತೀನಿ. ನೀನೂ ಇರು ಮಗ, ಟೇಪಿನ ಆ ಕಡೆ ಹಿಡಿಯಾಕೆ ಒಬ್ರು ಬೇಕು.”

“ಇರ್ತೀನಿ ಅತ್ತೆ,” ಅಂದೆ.