ಮೊದಲಿಗೆ ಬಂದ ಕೊನೆಯ ಪುಟ

ಅವರ ಎರಡೂ ಕೈಗಳಿಗೆ ಮೊಣಕೈವರೆಗೆ ಮದರಂಗಿ. ಬಲಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳು ಮಾತ್ರ ಬೋಳು. ಪೆನ್ನು ಹಿಡಿಯುವ ಬೆರಳುಗಳವು. "ಒಣಗುವ ತನಕ ಸುಮ್ಮನೆ ಕೂತಿರಬೇಕಂತೆ. ನನ್ನಿಂದಾಗದು" ಎಂದು ನಗುತ್ತಿದ್ದರು. ಒಮಾನಿನ ರುಸ್ತಾಕ್‌ನಲ್ಲಿ ಮೂವತ್ತು ವರ್ಷ ಅರಬ್ಬಿ ಕಲಿಸಿ ನಿವೃತ್ತರಾದವರು. ಊರಿಗೆಲ್ಲ ಟೀಚರ್, ನನಗೂ ಟೀಚರ್. ಊರು ಬಿಟ್ಟು ಬಂದ ನಮ್ಮಂಥವರ ಜೊತೆ ಹಿಂದಿಯಲ್ಲೇ ಮಾತು, ನಡುನಡುವೆ ಅರಬ್ಬಿಯ ಯಲ್ಲಾ, ಖಲಾಸ್; ಅಂದರೆ ನಡಿ, ಮುಗೀತು.

ನಾನು ಅಲ್ಲಿನ ಪ್ರೆಸ್ಸಿನಲ್ಲಿ ಪುಟ ಜೋಡಿಸುವವಳು. ಟೀಚರ್ ತಮ್ಮ ಮೊದಲ ಕಾದಂಬರಿಯನ್ನು ಅಲ್ಲಿಗೇ ತಂದರು. ನನ್ನ ಪಕ್ಕ ಕೂತು, ನನಗೆ ಓದಲು ಬಾರದ ಸಾಲುಗಳನ್ನು ಬೆರಳಿಟ್ಟು ತೋರಿಸಿ ಕಥೆ ಹೇಳಿದರು. ಮದುವೆಯಲ್ಲಿ ಖಾಜಿ ಒಪ್ಪಿಗೆ ಕೇಳಿದಾಗ ಹುಡುಗಿ ಸುಮ್ಮನಿದ್ದರೆ ಅದನ್ನೇ ಒಪ್ಪಿಗೆ ಎಂದುಕೊಳ್ಳುವುದು ಅವರ ಕಡೆಯ ಹಳೆಯ ವಾಡಿಕೆ. ಈ ಹುಡುಗಿ ಮಾತ್ರ ಕೊನೆಯ ಪುಟದಲ್ಲಿ, ತುಂಬಿದ ಮನೆಯಲ್ಲಿ, 'ಲಾ' ಅನ್ನುತ್ತಾಳೆ. ಅಂದರೆ, ಒಲ್ಲೆ.

"ಹತ್ತೊಂಬತ್ತನೇ ವಯಸ್ಸಿನಲ್ಲಿ ನಾನು ಸುಮ್ಮನಿದ್ದೆ. ಆ ಒಂದು ಪದಕ್ಕೋಸ್ಕರ ಇಷ್ಟೆಲ್ಲ ಬರೆದದ್ದು" ಅಂದರು. ಆ ಮದುವೆ ಮುರಿದ ಮೇಲೆ ಅವರು ಅಣ್ಣನ ಮನೆಯಲ್ಲೇ ಇದ್ದರು. ಅಚ್ಚಿಗೆ ಮುಂಚೆ ಅಣ್ಣನಿಗೆ ತೋರಿಸುತ್ತೇನೆಂದು ಮಾತು ಕೊಟ್ಟಿದ್ದರು. ಅಣ್ಣ ಯಾವ ಪುಸ್ತಕದಲ್ಲೂ ಹತ್ತು ಪುಟ ದಾಟಿದವರಲ್ಲ, ಮೊದಲ ಹತ್ತು ಪುಟದಲ್ಲಿ ಬರೀ ಖರ್ಜೂರದ ತೋಟ ಮತ್ತು ಅಜ್ಜಿ ಎಂಬುದೇ ಟೀಚರ್ ಅವರ ಧೈರ್ಯ.

ಅದನ್ನು ಕೆಡಿಸಿದವಳು ನಾನು. ಅರಬ್ಬಿ ಕೆಲಸ ನೋಡುವ ಈಜಿಪ್ಟಿನವರು ರಜೆಯಲ್ಲಿದ್ದರು. ಅಣ್ಣನಿಗೆ ಕೊಡುವ ಕರಡು ಪ್ರತಿಯನ್ನು ನಾನೇ ಮುದ್ರಿಸಿ, ನಮ್ಮ ಕನ್ನಡ ಪುಸ್ತಕದ ಹಾಗೆ ಎಡಕ್ಕೆ ಸ್ಪೈರಲ್ ಹಾಕಿಬಿಟ್ಟೆ. ಅರಬ್ಬಿ ಪುಸ್ತಕದ ಕಟ್ಟು ಬಲಕ್ಕಿರುತ್ತದೆ. ಅಣ್ಣ ಎಂದಿನಂತೆ ಕಟ್ಟನ್ನು ಬಲಕ್ಕಿಟ್ಟು ತೆರೆದರು. ಕಣ್ಣಿಗೆ ಮೊದಲು ಬಿದ್ದದ್ದೇ ಕೊನೆಯ ಪುಟ!

ಮರುದಿನ ಆ ಪ್ರತಿ ಹಿಡಿದು ಇಬ್ಬರೂ ಪ್ರೆಸ್ಸಿಗೆ ಬಂದರು. ಅಣ್ಣ ತಂಗಿಯ ಮುಖ ನೋಡಲಿಲ್ಲ. ನನ್ನ ಹತ್ತಿರ ಮೆಲ್ಲಗೆ, "ಬೇರೆಲ್ಲ ಇರಲಿ ಬೇಟಿ, ಈ ಒಂದು ಪದ ತೆಗೆದುಬಿಡು. ಹುಡುಗಿ ಸುಮ್ಮನಿರಲಿ" ಎಂದರು. ನಮ್ಮ ಮಾಲೀಕರೂ "ತೆಗಿ, ತೆಗಿ" ಎಂದು ಕಣ್ಣುಸನ್ನೆ ಮಾಡಿದರು. ನಾನು ಮೌಸ್ ಹಿಡಿದು ಆ ಪುಟ ತೆರೆದೆ. ನನ್ನ ತಪ್ಪಿನಿಂದ ಈ ಹೆಂಗಸಿನ ಜೀವಮಾನದ ಮಾತು ಅಳಿಸಿಹೋಗುತ್ತದಲ್ಲ ಎಂದು ಅಳು ಬಂತು.

"ಲಾ!"

ಗಾಜಿನ ಬಾಗಿಲಾಚೆ ಹೋಗುತ್ತಿದ್ದವರೂ ತಿರುಗಿ ನೋಡುವಷ್ಟು ಗಟ್ಟಿಯಾಗಿ ಟೀಚರ್ ಅಂದಿದ್ದರು. ಮದರಂಗಿಯ ಕೈ ನನ್ನ ಕೈಯ ಮೇಲೆ ಬಂದು ಕೂತಿತು. "ಪದ ಇರುತ್ತದೆ. ನನ್ನ ಹೆಸರಲ್ಲೇ ಅಚ್ಚಾಗುತ್ತದೆ. ಏನಂತೀಯಣ್ಣ?"

ಅಣ್ಣ ಬಾಯಿ ತೆರೆದರು, ಮುಚ್ಚಿದರು. ಟೀಚರ್ ಮತ್ತೊಮ್ಮೆ ಕೇಳಿದರು, ಮೂರನೆಯ ಸಲವೂ ಕೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ನೋಡಿದೆಯಾ, ಅಣ್ಣ ಸುಮ್ಮನಿದ್ದಾನೆ. ಹಾಗಾದರೆ ಒಪ್ಪಿಗೆ. ಖಲಾಸ್, ಅಚ್ಚಿಗೆ ಹಾಕು" ಎಂದರು.

ಮೊದಲು ನಕ್ಕವರು ಅಣ್ಣನೇ. ಪುಸ್ತಕ ಬಂದಾಗ ಹತ್ತು ಪ್ರತಿಗಳನ್ನು ಅವರೇ ಹೊತ್ತು ಕಾರಿಗೆ ಇಟ್ಟರು.

ಆ ದಿನಗಳಲ್ಲಿ ನನ್ನ ಗಂಡ, "ಮಗಳು ಶಾಲೆಗೆ ಸೇರಿದಳಲ್ಲ, ಇನ್ನು ಕೆಲಸ ಬಿಡು ಮಾರಾಯ್ತಿ" ಅನ್ನುತ್ತಿದ್ದರು. ನಾನು ಉತ್ತರ ಕೊಟ್ಟಿರಲಿಲ್ಲ. ಅವರು ಆಯಿತೆಂದೇ ತಿಳಿದಿದ್ದರು. ಟೀಚರ್ 'ಲಾ' ಅಂದ ದಿನ ಸಂಜೆ ಪ್ರೆಸ್ಸಿನಿಂದ ಬಂದು ಅನ್ನ ಬಡಿಸುತ್ತಾ, "ನಾನು ಕೆಲಸ ಬಿಡುದಿಲ್ಲ" ಅಂದೆ.

"ಇದೆಂತ ಹೊಸತು?"

"ಟೀಚರ್ ಕಲಿಸಿದ್ದು."

ಟೀಚರ್ ತೀರಿಕೊಂಡು ಒಂದು ವರ್ಷವಾಯಿತು. ತಪ್ಪಾಗಿ ಕಟ್ಟಿದ ಆ ಕರಡು ಪ್ರತಿ ಪ್ರೆಸ್ಸಿನ ನನ್ನ ಮೇಜಿನ ಮೇಲೇ ಇದೆ. ಅದರಲ್ಲಿ ನನಗೆ ಓದಲು ಬರುವುದು ಒಂದೇ ಪದ. ಅದನ್ನು ಬರೆಯಲೂ ಅವರೇ ಕಲಿಸಿಕೊಟ್ಟರು, ಮದರಂಗಿಯಿಲ್ಲದ ಆ ಮೂರು ಬೆರಳುಗಳಿಂದ ನನ್ನ ಕೈ ಹಿಡಿದು.